ಪಿಯುಸಿ ಕಲಾ ವಿಭಾಗದ ನಂತರ ಅಪರಾಧಶಾಸ್ತ್ರ ಓದಬಹುದೇ?

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಹಳ್ಳಿಯೊಂದರ ವಿದ್ಯಾರ್ಥಿನಿ. ದ್ವಿತೀಯ ಪಿಯುಸಿಯನ್ನು ಕಲಾ ವಿಭಾಗದಲ್ಲಿ, ಕನ್ನಡ ಮಾಧ್ಯಮದಲ್ಲಿ ಮುಗಿಸಿದ್ದೇನೆ. ಬಿ.ಎ.ಯಲ್ಲಿ ಅಪರಾಧಶಾಸ್ತ್ರವನ್ನು ಒಂದು ವಿಷಯವಾಗಿ ತೆಗೆದುಕೊಂಡು ಮುಂದೆ ಅದರಲ್ಲೇ ಸ್ನಾತಕೋತ್ತರ ಪದವಿ ಪಡೆಯುವ ಆಸೆ ಇದೆ. ಆದರೆ ನಮ್ಮ ತಂದೆಯವರು "ಅದು ಪೊಲೀಸರ ಓದು, ಹೆಣ್ಣುಮಕ್ಕಳಿಗೆ ಕಳ್ಳರ, ಕೊಲೆಗಡುಕರ ಉಸಾಬರಿ ಯಾಕೆ, ಸುಮ್ಮನೆ ಬಿ.ಎಡ್. ಮಾಡು" ಎನ್ನುತ್ತಾರೆ. ಈ ಓದಿನಲ್ಲಿ ನಿಜವಾಗಿ ಏನನ್ನು ಕಲಿಸುತ್ತಾರೆ? ಫೊರೆನ್ಸಿಕ್ ಮತ್ತು ಇದು ಒಂದೇಯೇ? ಓದಿದ ಮೇಲೆ ಕೆಲಸ ಸಿಗುತ್ತದೆಯೇ? ಇಂಗ್ಲಿಷ್ ಅಷ್ಟಾಗಿ ಬಾರದ ನನ್ನಂಥವರು ಇದನ್ನು ನಿಭಾಯಿಸಬಹುದೇ?

ಉತ್ತರ: ಓದಬಹುದು. ಕಲಾ ವಿಭಾಗದಿಂದ ಬಂದವರಿಗೆ ಅಪರಾಧಶಾಸ್ತ್ರದ ಬಾಗಿಲು ತೆರೆದೇ ಇದೆ. ಆದರೆ ನಿಮ್ಮ ತಂದೆಯವರ ಆತಂಕವನ್ನು ಬದಿಗಿಟ್ಟು ಉತ್ತರ ಹೇಳಿದರೆ ಅದು ಅರ್ಧ ಉತ್ತರವಾಗುತ್ತದೆ. ಆದ್ದರಿಂದ ಇದನ್ನು ನೀವಿಬ್ಬರೂ ಕೂತು ಓದಬೇಕೆಂದು ಕೇಳಿಕೊಳ್ಳುತ್ತೇನೆ.

ಸುಮಾರು ಮೂವತ್ತು ವರ್ಷ ಈ ವಿಷಯವನ್ನು ತರಗತಿಯಲ್ಲಿ ಬೋಧಿಸಿದ್ದೇನೆ. ಮೊದಲ ದಿನ ಬಂದು ಕೂರುವ ಮಕ್ಕಳಲ್ಲಿ ಬಹುಪಾಲು ಮಂದಿಯ ಮನಸ್ಸಿನಲ್ಲಿ ಟಿ.ವಿ. ಧಾರಾವಾಹಿಯ ಪತ್ತೇದಾರ ಇರುತ್ತಾನೆ. ಬೆರಳಚ್ಚು ನೋಡಿ ಕೊಲೆಗಾರನನ್ನು ಹಿಡಿಯುವುದನ್ನು ಇಲ್ಲಿ ಕಲಿಸುತ್ತಾರೆಂದು ಅವರು ನಂಬಿಕೊಂಡಿರುತ್ತಾರೆ. ಮೊದಲ ಸೆಮಿಸ್ಟರ್ ಮುಗಿಯುವಷ್ಟರಲ್ಲಿ ಅವರಲ್ಲಿ ಕೆಲವರು ನಿರಾಶರಾಗುತ್ತಾರೆ, ಉಳಿದವರಿಗೆ ತಾವು ನೆನೆಸಿರದಿದ್ದ ಬೇರೆಯೇ ಒಂದು ವಿಷಯ ಹಿಡಿಸಿಬಿಡುತ್ತದೆ. ಆ ನಿರಾಶೆ ನಿಮಗೆ ಆಗಬಾರದೆಂದರೆ ಒಂದರೊಡನೊಂದು ಕಲಸಿಹೋಗಿರುವ ಮೂರು ಓದುಗಳನ್ನು ಮೊದಲು ಬೇರೆಬೇರೆಯಾಗಿ ಕಾಣಬೇಕು.

ಒಂದು ಓಣಿಯಲ್ಲಿ ರಾತ್ರಿ ಮನೆಗಳ್ಳತನವಾಗಿದೆ ಎಂದುಕೊಳ್ಳೋಣ. ಬೀರುವಿನ ಬಾಗಿಲ ಮೇಲಿರುವ ಬೆರಳಚ್ಚು ಯಾರದು, ಬೀಗ ಮುರಿದ ಕಬ್ಬಿಣದ ಸಲಾಕೆಯ ಗುರುತು ಮತ್ತು ಶಂಕಿತನ ಮನೆಯಲ್ಲಿ ಸಿಕ್ಕ ಸಲಾಕೆ ಒಂದಕ್ಕೊಂದು ಹೊಂದುತ್ತವೆಯೇ ಎಂದು ಕೇಳುವುದು ವಿಧಿವಿಜ್ಞಾನ. ಜನ ಫೊರೆನ್ಸಿಕ್ ಎನ್ನುವುದು ಇದನ್ನೇ. ಆರೋಪಿಯ ಮೇಲೆ ಯಾವ ಕಲಮು ಹಚ್ಚಬೇಕು, ಅದನ್ನು ನ್ಯಾಯಾಲಯದಲ್ಲಿ ಸಂದೇಹಕ್ಕೆ ಎಡೆಯಿಲ್ಲದಂತೆ ರುಜುವಾತುಪಡಿಸಲು ಏನೇನು ಬೇಕು ಎಂದು ಕೇಳುವುದು ಕಾನೂನು. ಅಪರಾಧಶಾಸ್ತ್ರ ಕೇಳುವ ಪ್ರಶ್ನೆಗಳು ಬೇರೆ: ಊರಿನ ಅಷ್ಟೂ ಓಣಿಗಳಲ್ಲಿ ಇದೇ ಓಣಿಯಲ್ಲಿ ಮತ್ತೆ ಮತ್ತೆ ಕಳ್ಳತನ ಯಾಕೆ ಆಗುತ್ತದೆ, ಅದೇ ಬಡತನದಲ್ಲಿ ಬೆಳೆದ ಹತ್ತು ಹುಡುಗರಲ್ಲಿ ಒಂಬತ್ತು ಮಂದಿ ಮಾಡದ ಕೆಲಸವನ್ನು ಇವನೊಬ್ಬ ಯಾಕೆ ಮಾಡಿದ, ಜೈಲಿನಿಂದ ಹೊರಬಂದ ಮೇಲೆ ಅವನು ಏನಾದ, ಬಂಗಾರ ಕಳೆದುಕೊಂಡ ಆ ಮನೆಯ ಹೆಣ್ಣುಮಗಳಿಗೆ ಕಡೆಗೆ ಏನು ದಕ್ಕಿತು. ಇದು ಮೂಲತಃ ಸಮಾಜವಿಜ್ಞಾನ. ಸಮಾಜಶಾಸ್ತ್ರ, ಮನಶ್ಶಾಸ್ತ್ರ, ಕಾನೂನು, ಅಂಕಿಅಂಶ ಈ ನಾಲ್ಕೂ ಇಲ್ಲಿ ಬಂದು ಕೂಡುತ್ತವೆ. ಇವುಗಳ ಜೊತೆಗೆ ಪೊಲೀಸ್ ಠಾಣೆ, ನ್ಯಾಯಾಲಯ, ಕಾರಾಗೃಹ ಎಂಬ ಮೂರು ಸಂಸ್ಥೆಗಳು ಹೇಗೆ ನಡೆಯುತ್ತವೆ ಎಂಬ ಅಭ್ಯಾಸ ಸೇರಿದರೆ ಅದನ್ನು ಅಪರಾಧ ನ್ಯಾಯ ವ್ಯವಸ್ಥೆಯ ಅಧ್ಯಯನ ಎನ್ನುತ್ತಾರೆ.

ಈ ಶಾಸ್ತ್ರದ ಚರಿತ್ರೆಯನ್ನು ಯಾವ ಪಠ್ಯಕ್ರಮದಲ್ಲೂ ಮೊದಲ ಅಧ್ಯಾಯವಾಗಿ ಇಟ್ಟಿರುತ್ತಾರೆ, ಮಕ್ಕಳು ಅದನ್ನು ಬಾಯಿಪಾಠ ಮಾಡಿ ದಾಟಿಬಿಡುತ್ತಾರೆ. ಹಾಗೆ ದಾಟಬಾರದು. 1764ರಲ್ಲಿ ಇಟಲಿಯ ಚೆಸಾರೆ ಬೆಕಾರಿಯಾ, ಶಿಕ್ಷೆಯು ಅಪರಾಧಕ್ಕೆ ತಕ್ಕಷ್ಟೇ ಇರಬೇಕು, ಚಿತ್ರಹಿಂಸೆಯಿಂದ ಸತ್ಯ ಹೊರಡುವುದಿಲ್ಲ, ಶಿಕ್ಷೆಯ ಕ್ರೌರ್ಯಕ್ಕಿಂತ ಅದು ತಪ್ಪದೆ ಬರುತ್ತದೆ ಎಂಬ ಖಾತ್ರಿಯೇ ಜನರನ್ನು ತಡೆಯುತ್ತದೆ ಎಂದು ವಾದಿಸಿದ. ನೂರು ವರ್ಷಗಳ ನಂತರ ಅದೇ ಇಟಲಿಯ ವೈದ್ಯ ಚೆಸಾರೆ ಲೊಂಬ್ರೋಸೊ ತದ್ವಿರುದ್ಧ ದಾರಿ ಹಿಡಿದು, ಕೆಲವರು ಹುಟ್ಟಿನಿಂದಲೇ ಅಪರಾಧಿಗಳು, ಅವರ ದವಡೆ, ಹಣೆ, ಕಿವಿಗಳ ಆಕಾರ ನೋಡಿಯೇ ಅದನ್ನು ಹೇಳಬಹುದು ಎಂದು 1876ರಲ್ಲಿ ಬರೆದ. ವಿಜ್ಞಾನದ ಪರೀಕ್ಷೆಯಲ್ಲಿ ಈ ಮಾತು ನಿಲ್ಲಲಿಲ್ಲ. ಆದರೆ ಹುಟ್ಟಿನಿಂದ ಅಪರಾಧಿ ಎಂಬ ಕಲ್ಪನೆಯನ್ನು ಅವನಿಗಿಂತ ಐದು ವರ್ಷ ಮೊದಲೇ, 1871ರಲ್ಲಿ, ಬ್ರಿಟಿಷ್ ಸರ್ಕಾರ ನಮ್ಮ ದೇಶದಲ್ಲಿ ಕಾಯ್ದೆಯನ್ನಾಗಿಯೇ ಮಾಡಿತ್ತು. ಅದರ ಹೆಸರು ಅಪರಾಧಿ ಬುಡಕಟ್ಟುಗಳ ಕಾಯ್ದೆ. ಇಡೀ ಸಮುದಾಯಗಳನ್ನು ಅಪರಾಧಿಗಳೆಂದು ಸಾರಿ, ಪಟ್ಟಿ ಮಾಡಿ, ಹಾಜರಿ ತೆಗೆದುಕೊಂಡು, ಅಪ್ಪಣೆಯಿಲ್ಲದೆ ಊರು ಬಿಟ್ಟು ಹೋಗದಂತೆ ಅದು ಕಟ್ಟಿಹಾಕಿತು.

ನೀವು ಹುಬ್ಬಳ್ಳಿಗೆ ಹೋಗಿಬರುವವರಾದ್ದರಿಂದ ಹೇಳುತ್ತೇನೆ: ಅಲ್ಲಿ ಇಂದಿಗೂ ಜನರ ಬಾಯಲ್ಲಿ 'ಸೆಟ್ಲಮೆಂಟ್' ಎಂದೇ ಕರೆಯಿಸಿಕೊಳ್ಳುವ ಜಾಗವಿದೆ. ಹಾಗೆ ಪಟ್ಟಿ ಮಾಡಿದ ಸಮುದಾಯಗಳನ್ನು ಬಾಂಬೆ ಪ್ರಾಂತ್ಯದ ಸರ್ಕಾರ ತಂದು ಕೂಡಿಹಾಕಿದ್ದ ವಸಾಹತಿನ ಹೆಸರು ಅದು. ಬಸ್ಸಿನಲ್ಲಿ ಆ ಹೆಸರು ಹೇಳಿ ಟಿಕೆಟ್ ಕೇಳುವ ಎಷ್ಟೋ ಮಂದಿಗೆ ಅದರ ಹಿಂದಿನ ಕಥೆ ಗೊತ್ತಿಲ್ಲ. ಸ್ವಾತಂತ್ರ್ಯ ಬಂದು ಐದು ವರ್ಷಗಳಾದ ಮೇಲೆ, 1952ರ ಆಗಸ್ಟ್ 31ರಂದು ಈ ಸಮುದಾಯಗಳು ಆ ಪಟ್ಟಿಯಿಂದ ಬಿಡುಗಡೆಯಾದವು; ವಿಮುಕ್ತ ಬುಡಕಟ್ಟುಗಳು ಎಂಬ ಹೆಸರು ಬಂದಿದ್ದು ಹಾಗೆ. ಆದರೂ ಕಾರಾಗೃಹದ ಕೈಪಿಡಿಗಳಲ್ಲಿ ಹಳೆಯ ದೃಷ್ಟಿ ಉಳಿದೇ ಇತ್ತು. ಯಾವ ಜಾತಿಯ ಕೈದಿ ಅಡುಗೆ ಮಾಡಬೇಕು, ಯಾವ ಜಾತಿಯವನು ಶೌಚಾಲಯ ತೊಳೆಯಬೇಕು ಎಂದು ಹೇಳುತ್ತಿದ್ದ, ವಿಮುಕ್ತ ಬುಡಕಟ್ಟಿನವರನ್ನು ರೂಢಿಗತ ಅಪರಾಧಿಗಳಂತೆ ಕಾಣುತ್ತಿದ್ದ ನಿಯಮಗಳನ್ನು ಸುಪ್ರೀಂ ಕೋರ್ಟ್ ರದ್ದುಗೊಳಿಸಿದ್ದು 2024ರ ಅಕ್ಟೋಬರ್ 3ರಂದು, ಸುಕನ್ಯಾ ಶಾಂತಾ ಪ್ರಕರಣದಲ್ಲಿ. ಅಪರಾಧದ ಬಗ್ಗೆ ಒಂದು ತಪ್ಪು ಸಿದ್ಧಾಂತ ಎಷ್ಟು ತಲೆಮಾರುಗಳನ್ನು ಸುಡಬಲ್ಲದು ಎಂಬುದಕ್ಕೆ ನಮ್ಮ ಪಕ್ಕದಲ್ಲೇ ಇರುವ ಉದಾಹರಣೆ ಇದು. ಯಾಕೆ ಅಪರಾಧಶಾಸ್ತ್ರ ಓದಬೇಕು ಎಂದು ನನ್ನನ್ನು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ.

ಇಪ್ಪತ್ತನೆಯ ಶತಮಾನದ ಸಿದ್ಧಾಂತಗಳು ಅಷ್ಟೇನೂ ಕಷ್ಟವಲ್ಲ, ನಮ್ಮ ಸುತ್ತಲಿನ ಬದುಕಿಗೆ ಹಚ್ಚಿ ಓದಿದರೆ ತಾವಾಗಿ ನೆನಪಿನಲ್ಲಿ ಉಳಿಯುತ್ತವೆ. 1979ರಲ್ಲಿ ಅಮೆರಿಕದ ಕೊಹೆನ್ ಮತ್ತು ಫೆಲ್ಸನ್ ಎಂಬ ವಿದ್ವಾಂಸರು, ಅಪರಾಧ ನಡೆಯಲು ಮನಸ್ಸು ಮಾಡಿದವನೊಬ್ಬ, ಕೈಗೆಟುಕುವ ವಸ್ತು ಅಥವಾ ವ್ಯಕ್ತಿ, ಕಾಯುವವರಿಲ್ಲದ ಹೊತ್ತು ಈ ಮೂರೂ ಒಂದೆಡೆ ಸೇರಬೇಕು ಎಂದರು. ಬೆಳಗಿನ ಜಾವ ಮನೆಯ ಮುಂದೆ ಬಗ್ಗಿ ರಂಗೋಲಿ ಹಾಕುತ್ತಿರುವ ಹೆಂಗಸಿನ ಕೊರಳ ಸರ, ಖಾಲಿ ರಸ್ತೆ, ಬೈಕಿನ ಮೇಲೆ ಬರುವ ಇಬ್ಬರು ಎಂದು ಹೇಳಿದರೆ ಆ ಸಿದ್ಧಾಂತಕ್ಕೆ ಬೇರೆ ವಿವರಣೆ ಬೇಕಿಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞ ಎಡ್ವಿನ್ ಸದರ್ಲ್ಯಾಂಡ್ 1939ರಲ್ಲಿ ಬಿಳಿ ಕಾಲರಿನ ಅಪರಾಧ ಎಂಬ ಮಾತನ್ನು ತಂದು, ಮರ್ಯಾದಸ್ಥರು ತಮ್ಮ ಹುದ್ದೆಯಲ್ಲಿ ಕೂತೇ ಮಾಡುವ ಅಪರಾಧವನ್ನು ಶಾಸ್ತ್ರ ಯಾಕೆ ಕಡೆಗಣಿಸಿದೆ ಎಂದು ಕೇಳಿದ. ಹೆಚ್ಚು ಬಡ್ಡಿಯ ಆಸೆ ತೋರಿಸಿ ಠೇವಣಿ ಎತ್ತಿಕೊಂಡು ಬಾಗಿಲು ಹಾಕುವ ಸಂಸ್ಥೆಗಳನ್ನು ನಾವು ಕಂಡಿದ್ದೇವೆ. ಅಂಥವುಗಳಿಗಾಗಿಯೇ ಕರ್ನಾಟಕದಲ್ಲಿ 2004ರಲ್ಲಿ ಠೇವಣಿದಾರರ ಹಿತರಕ್ಷಣೆಯ ಪ್ರತ್ಯೇಕ ಕಾಯ್ದೆ ಬಂತು. ಜೇಬುಗಳ್ಳನೊಬ್ಬ ವರ್ಷವಿಡೀ ಕದಿಯುವುದಕ್ಕಿಂತ ಹೆಚ್ಚು ಹಣ ಇಲ್ಲಿ ಒಂದೇ ಸಹಿಯಲ್ಲಿ ಹೋಗುತ್ತದೆ, ಆದರೆ ಬಾಯಿಗೆ ಬರುವ 'ಕಳ್ಳ' ಎಂಬ ಮಾತು ಜೇಬುಗಳ್ಳನಿಗೇ ಮೀಸಲು.

ಅಂಕಿಅಂಶದ ಪಾಠಕ್ಕೆ ಹೆದರಬೇಡಿ, ಆದರೆ ಅದನ್ನು ತಪ್ಪಿಸಿಕೊಳ್ಳಲೂಬೇಡಿ. 1986ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ದೇಶದ ಅಪರಾಧಗಳ ಲೆಕ್ಕವನ್ನು ಪ್ರಕಟಿಸುತ್ತದೆ, ಪತ್ರಿಕೆಗಳು ಅದನ್ನು ಹಿಡಿದು ಯಾವ ರಾಜ್ಯ ಮೊದಲು, ಯಾವ ನಗರ ಎರಡನೆಯದು ಎಂದು ಬರೆಯುತ್ತವೆ. ಅದು ನಡೆದ ಅಪರಾಧಗಳ ಲೆಕ್ಕವಲ್ಲ, ದಾಖಲಾದ ಅಪರಾಧಗಳ ಲೆಕ್ಕ. ಮೊಬೈಲ್ ಕಳುವಾದವನ ಕೈಯಲ್ಲಿ 'ಕಳೆದುಹೋಗಿದೆ' ಎಂದು ಅರ್ಜಿ ಬರೆಸಿಕೊಂಡು ಕಳಿಸಿದರೆ ಕಳ್ಳತನದ ಪಟ್ಟಿಯಲ್ಲಿ ಅದು ಬರುವುದೇ ಇಲ್ಲ. ಒಂದೇ ಎಫ್‌ಐಆರ್‌ನಲ್ಲಿ ಹಲವು ಅಪರಾಧಗಳಿದ್ದರೆ ಬ್ಯೂರೋ ಅವುಗಳಲ್ಲಿ ಅತಿ ಗಂಭೀರವಾದ ಒಂದನ್ನು ಮಾತ್ರ ಎಣಿಸುತ್ತದೆ. ಅತ್ಯಾಚಾರ ಮಾಡಿ ಕೊಂದರೆ ಆ ಲೆಕ್ಕದಲ್ಲಿ ಅದು ಕೊಲೆ. ಹಾಗಾಗಿ ಒಂದು ಜಿಲ್ಲೆಯಲ್ಲಿ ಮಹಿಳೆಯರ ಮೇಲಿನ ದೌರ್ಜನ್ಯದ ಪ್ರಕರಣಗಳು ಹೆಚ್ಚಾಗಿವೆ ಎಂದರೆ ಅಲ್ಲಿ ಪರಿಸ್ಥಿತಿ ಕೆಟ್ಟಿದೆ ಎಂದು ಅರ್ಥವಾಗಬಹುದು, ದೂರು ಕೊಡುವ ಧೈರ್ಯ ಮತ್ತು ದೂರು ತೆಗೆದುಕೊಳ್ಳುವ ಮನಸ್ಸು ಎರಡೂ ಬೆಳೆದಿವೆ ಎಂದೂ ಅರ್ಥವಾಗಬಹುದು. ಎರಡರಲ್ಲಿ ಯಾವುದು ಎಂದು ತಾಳ್ಮೆಯಿಂದ ಹುಡುಕುವುದು ಅಪರಾಧಶಾಸ್ತ್ರದ ನಿಜವಾದ ಕೆಲಸ.

ಕಾರಾಗೃಹದ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಓದುವವರ ಮನಸ್ಸನ್ನು ಅತಿ ಹೆಚ್ಚು ಬದಲಿಸುವ ಭಾಗ ಅದು. 2022ರ ಕೊನೆಗೆ ದೇಶದ ಜೈಲುಗಳಲ್ಲಿ 5,73,220 ಕೈದಿಗಳಿದ್ದರು. ಅವರಲ್ಲಿ 4,34,302 ಮಂದಿ, ಅಂದರೆ ನೂರಕ್ಕೆ ಸುಮಾರು 76 ಮಂದಿ, ಇನ್ನೂ ಯಾವ ನ್ಯಾಯಾಲಯವೂ ತಪ್ಪಿತಸ್ಥರೆಂದು ಹೇಳದ ವಿಚಾರಣಾಧೀನ ಕೈದಿಗಳು. ಈ ಸಂಖ್ಯೆಯನ್ನು ಪರೀಕ್ಷೆಯಲ್ಲಿ ಬರೆಯುವುದು ಸುಲಭ. ಒಮ್ಮೆ ವಿದ್ಯಾರ್ಥಿಗಳನ್ನು ಕರೆದುಕೊಂಡು ಒಂದು ಜೈಲಿಗೆ ಹೋಗಿದ್ದಾಗ ಅಲ್ಲಿದ್ದ ಯುವಕನೊಬ್ಬನಿಗೆ ಜಾಮೀನು ಮಂಜೂರಾಗಿ ಎರಡು ತಿಂಗಳು ಕಳೆದಿತ್ತು. ಆದರೂ ಅವನು ಒಳಗೇ ಇದ್ದ. ಜಾಮೀನಿಗೆ ನಿಲ್ಲುವವರು ತಮ್ಮ ಹೆಸರಿನ ಪಹಣಿ ತರಬೇಕಿತ್ತು. ಅವನದು ಬೇರೆ ಜಿಲ್ಲೆ, ಕೂಲಿಯ ಕುಟುಂಬ, ಬಂಧುಬಳಗದಲ್ಲಿ ಯಾರ ಹೆಸರಿನಲ್ಲೂ ಗುಂಟೆ ಜಮೀನಿರಲಿಲ್ಲ. ಹಿಂದಿರುಗುವಾಗ ಬಸ್ಸಿನಲ್ಲಿ ಒಬ್ಬ ವಿದ್ಯಾರ್ಥಿನಿ, "ಸರ್, ಅವನು ಈಗ ಒಳಗಿರುವುದು ಕಳವಿನ ಆರೋಪಕ್ಕೋ, ಜಮೀನಿಲ್ಲದ್ದಕ್ಕೋ?" ಎಂದು ಕೇಳಿದಳು. ಆ ವರ್ಷ ನಾನು ಮಾಡಿದ ಎಲ್ಲ ಪಾಠಗಳಿಗಿಂತ ಆ ಪ್ರಶ್ನೆ ದೊಡ್ಡದಾಗಿತ್ತು.

ಆ ಪ್ರಶ್ನೆಗೆ ಕಾನೂನು ಏನೂ ಮಾಡಿಲ್ಲವೆಂದಲ್ಲ. 1979ರ ಹುಸ್ಸೈನಾರಾ ಖಾತೂನ್ ಪ್ರಕರಣದಲ್ಲಿ ಬಿಹಾರದ ಜೈಲುಗಳಲ್ಲಿ ವರ್ಷಗಟ್ಟಲೆ ಕೊಳೆಯುತ್ತಿದ್ದವರ ಕಥೆ ಹೊರಬಂದು, ತ್ವರಿತ ವಿಚಾರಣೆ ಮೂಲಭೂತ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ ಹೇಳಿತು. 2023ರ ಜನವರಿಯಲ್ಲಿ ಅದೇ ನ್ಯಾಯಾಲಯ, ಜಾಮೀನು ಸಿಕ್ಕಿ ಏಳು ದಿನಗಳಾದರೂ ಬಿಡುಗಡೆಯಾಗದ ಕೈದಿಯ ವಿಷಯವನ್ನು ಜೈಲಿನ ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು, ಒಂದು ತಿಂಗಳೊಳಗೆ ಮುಚ್ಚಳಿಕೆ ಒದಗಿಸಲು ಆಗದಿದ್ದರೆ ಷರತ್ತು ಸಡಿಲಿಸಬೇಕೇ ಎಂದು ನ್ಯಾಯಾಲಯವೇ ಯೋಚಿಸಬಹುದು ಎಂದಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಹೊಸ ಅಪರಾಧ ಪ್ರಕ್ರಿಯಾ ಕಾನೂನಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮು, ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಅಪರಾಧಗಳನ್ನು ಬಿಟ್ಟು ಉಳಿದವುಗಳಲ್ಲಿ, ಹಿಂದೆ ಯಾವ ಅಪರಾಧಕ್ಕೂ ತಪ್ಪಿತಸ್ಥರೆಂದು ತೀರ್ಪಾಗಿರದವರು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗವನ್ನು ಜೈಲಿನಲ್ಲೇ ಕಳೆದಿದ್ದರೆ ಬಿಡುಗಡೆ ಮಾಡಬೇಕೆನ್ನುತ್ತದೆ. ಕಾಗದದ ಮೇಲಿರುವ ಈ ಮಾತುಗಳು ಜೈಲಿನ ಗೋಡೆಯೊಳಗೆ ಹೇಗೆ ತಲುಪುತ್ತವೆ, ಎಲ್ಲಿ ನಿಂತುಹೋಗುತ್ತವೆ ಎಂದು ನೋಡಬಲ್ಲ ತರಬೇತಿ ಪಡೆದ ಕಣ್ಣುಗಳು ನಮ್ಮಲ್ಲಿ ತೀರಾ ಕಡಿಮೆ. ನಿಮ್ಮಂಥವರು ಬರಬೇಕಾದದ್ದು ಅಲ್ಲಿಗೆ.

ಕಲಾ ವಿಭಾಗದವರಾದರೂ ವಿಧಿವಿಜ್ಞಾನದ ಮೂಲ ಪಾಠಗಳು ನಿಮಗೂ ಇರುತ್ತವೆ. ನಮ್ಮ ರಾಜ್ಯದಲ್ಲಿ ಈ ಎರಡನ್ನೂ ಒಂದೇ ವಿಭಾಗದಲ್ಲಿ ಸೇರಿಸಿ ಕಲಿಸುವುದು ರೂಢಿ. ನಾನು ಮಾಡಿಸುತ್ತಿದ್ದ ಒಂದು ಅಭ್ಯಾಸವನ್ನು ಹೇಳಿದರೆ ಅದರ ಸ್ವರೂಪ ತಿಳಿಯುತ್ತದೆ. ತರಗತಿಯ ಮೇಜಿನ ಮೇಲೆ ಕೆಂಪು ಕಲೆಯಾದ ಕುಡುಗೋಲನ್ನಿಟ್ಟು, ಕೋಣೆಯ ಮಹಜರು, ಅಂದರೆ ಸ್ಥಳದಲ್ಲಿ ಕಂಡದ್ದರ ದಾಖಲೆ, ಬರೆಯಲು ಹೇಳುತ್ತಿದ್ದೆ. ಪ್ರತಿ ವರ್ಷವೂ ಅರ್ಧ ತರಗತಿ "ರಕ್ತದ ಕಲೆಯುಳ್ಳ ಕುಡುಗೋಲು" ಎಂದೇ ಬರೆಯುತ್ತಿತ್ತು. ಅದು ಕುಂಕುಮದ ನೀರು. ಬರೆಯಬೇಕಾದದ್ದು "ರಕ್ತದಂತೆ ಕಾಣುವ ಕೆಂಪು ಕಲೆ" ಎಂದು, ಯಾಕೆಂದರೆ ಅದು ರಕ್ತವೇ, ಮನುಷ್ಯರದೇ ಎಂದು ಹೇಳಬೇಕಾದದ್ದು ಪ್ರಯೋಗಾಲಯ. ಸ್ಥಳದಲ್ಲಿ ನಿಂತವರು ಕಣ್ಣಿಗೆ ಕಂಡಷ್ಟನ್ನು ಮಾತ್ರ ಹೇಳಬಹುದು. ಆಮೇಲೆ ಆ ಕುಡುಗೋಲನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಹೊಲಿದು, ಅರಗಿನ ಮೊಹರು ಹಾಕಿ, ಪಂಚರ (ಸ್ಥಳದ ಸಾಕ್ಷಿಗಳ) ಸಹಿಯ ಚೀಟಿ ಅಂಟಿಸಿ, ಮುದ್ದೆಮಾಲಿನ, ಅಂದರೆ ಜಪ್ತಿಯಾದ ವಸ್ತುಗಳ, ವಹಿಯಲ್ಲಿ ನಮೂದಿಸುವವರೆಗೆ ಮಾಡಿಸುತ್ತಿದ್ದೆ. ಕೊನೆಗೆ ಒಬ್ಬರನ್ನು ಆರೋಪಿಯ ಪರ ವಕೀಲರನ್ನಾಗಿ ನಿಲ್ಲಿಸಿ ಪಾಟೀಸವಾಲು ಮಾಡಿಸಿದರೆ, "ಜಪ್ತಿಯಾದ ದಿನದಿಂದ ಪ್ರಯೋಗಾಲಯಕ್ಕೆ ಹೋಗುವ ದಿನದವರೆಗೆ ಇದು ಯಾರ ವಶದಲ್ಲಿತ್ತು?" ಎಂಬ ಒಂದೇ ಪ್ರಶ್ನೆಗೆ ಇಡೀ ತರಗತಿ ತಡವರಿಸುತ್ತಿತ್ತು. ಎಷ್ಟೋ ನಿಜವಾದ ಪ್ರಕರಣಗಳು ಬಿದ್ದುಹೋಗುವುದು ಇದೇ ಜಾಗದಲ್ಲಿ.

ಹೊಸ ಸಂಹಿತೆಯ 176ನೇ ಕಲಮು, ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆಯಿರುವ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೇ ಬಂದು ಸಾಕ್ಷ್ಯ ಸಂಗ್ರಹಿಸಬೇಕು, ಅದನ್ನು ಚಿತ್ರೀಕರಿಸಬೇಕು ಎನ್ನುತ್ತದೆ. ರಾಜ್ಯಗಳು ಐದು ವರ್ಷಗಳೊಳಗೆ ಇದನ್ನು ಜಾರಿಗೆ ತರಬೇಕು. ಆದ್ದರಿಂದ ಆ ಕಡೆ ಉದ್ಯೋಗಗಳು ಹೆಚ್ಚುತ್ತವೆ ಎಂಬುದು ನಿಜ. ಆದರೆ ನಿಮಗೆ ಸ್ಪಷ್ಟವಾಗಿ ಹೇಳಬೇಕು: ಪ್ರಯೋಗಾಲಯದ ಹುದ್ದೆಗಳಿಗೆ ರಸಾಯನಶಾಸ್ತ್ರ, ಜೀವಶಾಸ್ತ್ರ, ಭೌತಶಾಸ್ತ್ರದಂಥ ವಿಷಯಗಳ ವಿಜ್ಞಾನ ಪದವಿ ಬೇಕು. ಪಿಯುಸಿಯಲ್ಲಿ ವಿಜ್ಞಾನ ಓದದ ನಿಮಗೆ ಆ ದಾರಿ ಸಾಮಾನ್ಯವಾಗಿ ಮುಚ್ಚಿದೆ. ಬಿಳಿ ಕೋಟು ತೊಟ್ಟು ಸೂಕ್ಷ್ಮದರ್ಶಕದ ಮುಂದೆ ಕೂರುವುದೇ ನಿಮ್ಮ ಕನಸಾಗಿದ್ದರೆ ಈ ಪದವಿಯಿಂದ ಅದು ಈಡೇರದು.

ಎಲ್ಲಿ ಓದಬಹುದು? ನಿಮಗೆ ಹತ್ತಿರದ್ದು ಧಾರವಾಡ. ಅಲ್ಲಿನ ಕರ್ನಾಟಕ ಕಲಾ ಮಹಾವಿದ್ಯಾಲಯದಲ್ಲಿ ಪದವಿ ಮಟ್ಟದಲ್ಲೂ, ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಮಟ್ಟದಲ್ಲೂ ಅಪರಾಧಶಾಸ್ತ್ರ ಮತ್ತು ವಿಧಿವಿಜ್ಞಾನದ ವಿಭಾಗಗಳಿವೆ. ಮೈಸೂರಿನ ಮಹಾರಾಜ ಕಾಲೇಜು, ಮಂಗಳೂರಿನ ರೋಶನಿ ನಿಲಯ ಇವು ರಾಜ್ಯದಲ್ಲಿ ಈ ವಿಷಯಕ್ಕೆ ಹೆಸರಾದ ಇನ್ನೆರಡು ಕಡೆಗಳು. ಹೊರಗೆ ಹೋಗುವ ಧೈರ್ಯ ಬಂದರೆ ಮುಂಬೈನ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಲ್ಲಿ ಸಮಾಜಕಾರ್ಯದೊಂದಿಗೆ ಸೇರಿಸಿ ಇದನ್ನು ಕಲಿಸುತ್ತಾರೆ; ಕೈದಿಗಳು, ಅವರ ಕುಟುಂಬದವರು, ಅಪರಾಧದ ಆರೋಪ ಹೊತ್ತ ಮಕ್ಕಳು ಇವರೊಂದಿಗೆ ನೇರವಾಗಿ ಕೆಲಸ ಮಾಡುವ ಮನಸ್ಸಿದ್ದವರಿಗೆ ಅದಕ್ಕಿಂತ ಒಳ್ಳೆಯ ಜಾಗ ನನಗೆ ತೋಚುವುದಿಲ್ಲ. ಮದ್ರಾಸ್ ವಿಶ್ವವಿದ್ಯಾಲಯದ ಅಪರಾಧಶಾಸ್ತ್ರ ವಿಭಾಗವೂ ಹಳೆಯದು, ಗಟ್ಟಿಯಾದದ್ದು. 2020ರ ಕಾಯ್ದೆಯಿಂದ ರೂಪುಗೊಂಡ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯವು ಗಾಂಧಿನಗರದಲ್ಲಿದ್ದು, ಧಾರವಾಡದಲ್ಲೂ ಅದರ ಕೇಂದ್ರವಿದೆ. ಅಲ್ಲಿನ ಕೋರ್ಸುಗಳಲ್ಲಿ ಹೆಚ್ಚಿನವು ವಿಜ್ಞಾನದವರಿಗಾದ್ದರಿಂದ ಅರ್ಜಿ ಹಾಕುವ ಮೊದಲು ಆ ವರ್ಷದ ಪ್ರವೇಶ ಪ್ರಕಟಣೆಯಲ್ಲಿ ಅರ್ಹತೆಯ ಸಾಲನ್ನು ಎರಡೆರಡು ಸಲ ಓದಿ. ಬಿ.ಎ.ಯಲ್ಲಿ ಅಪರಾಧಶಾಸ್ತ್ರದ ಜೊತೆಗೆ ಸಮಾಜಶಾಸ್ತ್ರ ಅಥವಾ ಮನಶ್ಶಾಸ್ತ್ರವನ್ನು ಆರಿಸಿಕೊಳ್ಳಿ. ಇತಿಹಾಸ, ರಾಜ್ಯಶಾಸ್ತ್ರ ಕೆಟ್ಟವೆಂದಲ್ಲ, ಆದರೆ ಮೊದಲಿನ ಎರಡು ಈ ಓದಿನ ಒಡಹುಟ್ಟುಗಳು.

ಕೆಲಸದ ಬಗ್ಗೆ ಸಿಹಿ ಮಾತು ಹೇಳಿ ನಿಮ್ಮನ್ನು ದಾರಿ ತಪ್ಪಿಸಲಾರೆ. ಅಪರಾಧಶಾಸ್ತ್ರದ ಪದವಿ ಹಿಡಿದವರಿಗೆಂದೇ ಮೀಸಲಾದ ಹುದ್ದೆಗಳು ನಮ್ಮ ರಾಜ್ಯದಲ್ಲಿ ಬೆರಳೆಣಿಕೆಯಷ್ಟು. ಪೊಲೀಸ್ ಸಬ್‌ ಇನ್‌ಸ್ಪೆಕ್ಟರ್ ಹುದ್ದೆಗೆ ಯಾವ ಪದವಿಯಾದರೂ ಸಾಕು, ಅಲ್ಲಿ ಗೆಲ್ಲಿಸುವುದು ಸಾಮಾನ್ಯ ಜ್ಞಾನದ ತಯಾರಿ ಮತ್ತು ದೇಹದಾರ್ಢ್ಯ. ಯುಪಿಎಸ್‌ಸಿ ಮುಖ್ಯ ಪರೀಕ್ಷೆಯ ಐಚ್ಛಿಕ ವಿಷಯಗಳಲ್ಲಿ ಅಪರಾಧಶಾಸ್ತ್ರ ಇಲ್ಲ. ಹಾಗಿದ್ದರೂ ಈ ಓದು ನೆರವಿಗೆ ಬರುವ ಜಾಗಗಳು ಇವೆ, ಅವು ಪತ್ರಿಕೆಯ ಜಾಹೀರಾತಿನಲ್ಲಿ ದೊಡ್ಡ ಅಕ್ಷರದಲ್ಲಿ ಕಾಣುವುದಿಲ್ಲ ಅಷ್ಟೆ. 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯಡಿ, ಮೊದಲ ಸಲ ತಪ್ಪಿದವನನ್ನು ಜೈಲಿಗೆ ಕಳಿಸದೆ ಒಳ್ಳೆಯ ನಡತೆಯ ಮುಚ್ಚಳಿಕೆಯ ಮೇಲೆ ಬಿಡಬಹುದೇ ಎಂದು ನ್ಯಾಯಾಲಯ ಯೋಚಿಸುವಾಗ ಅವನ ಮನೆ, ಊರು, ಹಿನ್ನೆಲೆಗಳ ವರದಿ ಕೊಡುವವರು ಪರಿವೀಕ್ಷಣಾಧಿಕಾರಿಗಳು. ಜಿಲ್ಲಾ ಮಕ್ಕಳ ರಕ್ಷಣಾ ಘಟಕ, ಅಪರಾಧದ ಆರೋಪ ಹೊತ್ತ ಮಕ್ಕಳ ಪ್ರಕರಣ ನೋಡುವ ಬಾಲ ನ್ಯಾಯ ಮಂಡಳಿ, ಆ ಮಕ್ಕಳನ್ನು ಇರಿಸುವ ವೀಕ್ಷಣಾಲಯಗಳಲ್ಲಿ ಇಂಥ ತರಬೇತಿಯವರ ಅಗತ್ಯವಿದೆ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೊ ಕಾಯ್ದೆಯ ಪ್ರಕರಣಗಳಲ್ಲಿ ಸಂತ್ರಸ್ತ ಮಗುವಿನ ಜೊತೆ ಮೊದಲ ದಿನದಿಂದ ತೀರ್ಪಿನವರೆಗೆ ನಿಲ್ಲುವ ಬೆಂಬಲ ವ್ಯಕ್ತಿಯನ್ನು ನೇಮಿಸಲು ಕಾನೂನಿನಲ್ಲಿ ಅವಕಾಶವಿದೆ. ಸ್ವಯಂಸೇವಾ ಸಂಸ್ಥೆಗಳು, ಬ್ಯಾಂಕು ಮತ್ತು ಖಾಸಗಿ ಕಂಪನಿಗಳ ವಂಚನೆ ತಡೆ ವಿಭಾಗಗಳು ಮತ್ತೊಂದು ದಿಕ್ಕು. ಬೋಧನೆಗೆ ಹೋಗುವುದಾದರೆ ಯುಜಿಸಿಯ ನೆಟ್ ಪರೀಕ್ಷೆಯಲ್ಲಿ ಅಪರಾಧಶಾಸ್ತ್ರ ಪ್ರತ್ಯೇಕ ವಿಷಯವಾಗಿದೆ. ನನ್ನ ವಿದ್ಯಾರ್ಥಿಗಳಲ್ಲಿ ಚೆನ್ನಾಗಿ ನೆಲೆ ಕಂಡವರನ್ನು ನೋಡಿದರೆ, ಹೆಚ್ಚಿನವರು ಬಿ.ಎ. ಆದ ಮೇಲೆ ಮೂರು ವರ್ಷದ ಎಲ್‌ಎಲ್‌.ಬಿ. ಅಥವಾ ಎಂ.ಎಸ್‌.ಡಬ್ಲ್ಯು. (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮಾಡಿದವರು. ಅಪರಾಧಶಾಸ್ತ್ರ ಅವರಿಗೆ ನೋಟ ಕೊಟ್ಟಿತು, ಎರಡನೆಯ ಪದವಿ ಹುದ್ದೆ ಕೊಟ್ಟಿತು. ನಿಮಗೂ ನನ್ನ ಸಲಹೆ ಇದೇ.

ಇನ್ನು ನಿಮ್ಮ ತಂದೆಯವರ ಮಾತು. ಕೋರ್ಟು ಕಚೇರಿಯಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎನ್ನುತ್ತಾ ಬಂದ ನಮ್ಮ ಹಳ್ಳಿಗಳಲ್ಲಿ ಅವರ ಅಂಜಿಕೆ ಸಹಜ, ಅದರಲ್ಲಿ ಮಗಳ ಮೇಲಿನ ಅಕ್ಕರೆಯಿದೆ. ಅವರಿಗೆ ಗೌರವದಿಂದಲೇ ಒಂದು ವಿಷಯ ಹೇಳಲು ಬಯಸುತ್ತೇನೆ. ಕಾನೂನು ಇವತ್ತು ಹೆಣ್ಣುಮಕ್ಕಳನ್ನು ಹೆಸರು ಹಿಡಿದು ಕರೆಯುತ್ತಿದೆ. ಪೋಕ್ಸೊ ಕಾಯ್ದೆಯಂತೆ ಮಗುವಿನ ಹೇಳಿಕೆಯನ್ನು ಸಾಧ್ಯವಾದಷ್ಟು ಮಟ್ಟಿಗೆ ಮಹಿಳಾ ಅಧಿಕಾರಿಯೇ, ಸಮವಸ್ತ್ರ ತೊಡದೆ ಬರೆದುಕೊಳ್ಳಬೇಕು. ಬಾಲ ನ್ಯಾಯ ಮಂಡಳಿಯಲ್ಲಿ ಮ್ಯಾಜಿಸ್ಟ್ರೇಟರ ಜೊತೆ ಕೂರುವ ಇಬ್ಬರು ಸಮಾಜ ಕಾರ್ಯಕರ್ತರಲ್ಲಿ ಒಬ್ಬರಾದರೂ ಮಹಿಳೆಯಾಗಿರಲೇಬೇಕು. ಎಂಟು ವರ್ಷದ ಹುಡುಗಿಯೊಬ್ಬಳು ತನಗಾದದ್ದನ್ನು ಹೇಳಲು ಬಾಯಿ ತೆರೆಯಬೇಕಾದರೆ ಎದುರಿಗೆ ಕೂತವರು ತನ್ನ ಅಕ್ಕನಂತೆ, ಚಿಕ್ಕಮ್ಮನಂತೆ ಕಾಣಬೇಕು, ಅದರ ಜೊತೆಗೆ ಯಾವ ಪ್ರಶ್ನೆಯನ್ನು ಕೇಳಬಾರದೆಂದೂ ಅವರಿಗೆ ಗೊತ್ತಿರಬೇಕು. ಎರಡನೆಯದನ್ನು ಓದಿಯೇ ಕಲಿಯಬೇಕು. ಈ ಓದಿನವರು ಕೊಲೆಗಡುಕರ ಸಹವಾಸದಲ್ಲಿ ಇರುವುದಿಲ್ಲ. ಅವರು ಹೆಚ್ಚು ಹೊತ್ತು ಕಳೆಯುವುದು ಕಡತಗಳ ಜೊತೆಗೆ, ಪೆಟ್ಟು ತಿಂದವರ ಜೊತೆಗೆ, ದಾರಿ ತಪ್ಪಿದ ಮಕ್ಕಳ ಜೊತೆಗೆ. ಬಿ.ಎಡ್. ಕೂಡ ಒಳ್ಳೆಯದೇ. ಬಿ.ಎ. ಮುಗಿದ ಮೇಲೂ ಆ ದಾರಿ ತೆರೆದೇ ಇರುತ್ತದೆಂದು ಅವರಿಗೆ ಹೇಳಿ. ಆದರೆ ಶಿಕ್ಷಕರಾಗಲು ಬೇಕಾದ ವಿಷಯಗಳು ನಿಮ್ಮ ಜೋಡಣೆಯಲ್ಲಿ ಇವೆಯೇ ಎಂದು ಪ್ರವೇಶದ ಹೊತ್ತಿಗೇ ವಿಚಾರಿಸಿಕೊಳ್ಳಿ.

ಇಂಗ್ಲಿಷಿನ ಚಿಂತೆ ಅರ್ಧ ಸರಿ. ಸ್ನಾತಕೋತ್ತರ ಮಟ್ಟದಲ್ಲಿ ಪುಸ್ತಕಗಳು, ತೀರ್ಪುಗಳು ಬಹುಪಾಲು ಇಂಗ್ಲಿಷಿನಲ್ಲಿವೆ, ಅದನ್ನು ದಾಟಲೇಬೇಕು. ದಿನಕ್ಕೆ ಎರಡು ಪುಟದಂತೆ ಈಗಿನಿಂದಲೇ ಓದಲು ಶುರು ಮಾಡಿದರೆ ಮೂರು ವರ್ಷ ಸಾಕು. ಆದರೆ ನಮ್ಮ ಊರುಗಳ ಅಪರಾಧ ಇರುವುದು ಕನ್ನಡದಲ್ಲಿ. ದೂರು ಅರ್ಜಿ, ಎಫ್‌ಐಆರ್, ಮಹಜರು, ಸಾಕ್ಷಿಗಳ ಹೇಳಿಕೆ, ಕೆಳ ನ್ಯಾಯಾಲಯದ ಸಾಕ್ಷ್ಯ ಇವೆಲ್ಲ ಕನ್ನಡದಲ್ಲಿ ಬರೆಯಲ್ಪಡುತ್ತವೆ. ಹಳ್ಳಿಯ ಹೆಂಗಸೊಬ್ಬಳು "ಅಂವಾ ನನ್ ಮೈಮ್ಯಾಲ ಬಂದಾ" ಎಂದರೆ ಅದು ಬೈದಾಡಿದ್ದೋ, ಕೈ ಎತ್ತಿದ್ದೋ, ಇನ್ನೇನನ್ನೋ ಹೇಳಲಾರದೆ ಹೇಳಿದ್ದೋ ಎಂದು ನಿಮ್ಮ ಕಿವಿಗೆ ತಿಳಿಯುತ್ತದೆ. ಬೆಂಗಳೂರಿನ ಇಂಗ್ಲಿಷ್ ಮಾಧ್ಯಮದ ವಿದ್ಯಾರ್ಥಿಗೆ ಅದನ್ನು ಕಲಿಸಲು ನನಗೆ ಸಾಧ್ಯವಾಗಿಲ್ಲ.

ಕಾಲೇಜಿನ ಅರ್ಜಿ ತುಂಬುವ ಮೊದಲು ಒಂದು ಕೆಲಸ ಮಾಡಿ. ನಮ್ಮ ಕಾನೂನಿನಲ್ಲಿ ಕ್ರಿಮಿನಲ್ ವಿಚಾರಣೆ ಕೆಲವು ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟರೆ ತೆರೆದ ನ್ಯಾಯಾಲಯದಲ್ಲಿ ನಡೆಯಬೇಕು, ಯಾರು ಬೇಕಾದರೂ ಹೋಗಿ ಕೂರಬಹುದು. ನಿಮ್ಮ ತಾಲ್ಲೂಕಿನ, ಮೊದಲ ದರ್ಜೆಯ ಮ್ಯಾಜಿಸ್ಟ್ರೇಟರು ಕೂರುವ ಜೆಎಂಎಫ್‌ಸಿ ನ್ಯಾಯಾಲಯಕ್ಕೆ ತಂದೆಯವರನ್ನೂ ಕರೆದುಕೊಂಡು ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಹೋಗಿ. ಮೊಬೈಲ್ ಆಫ್ ಮಾಡಿ ಹಿಂದಿನ ಬೆಂಚಿನಲ್ಲಿ ಕೂತು, ನ್ಯಾಯಾಲಯದ ಸಿಬ್ಬಂದಿ ಹೆಸರು ಕೂಗುವುದನ್ನು, ಕರೆದಾಗ ಓಡಿಬರುವವರನ್ನು, ಇನ್ನೊಂದು ತಾರೀಖು ಪಡೆದು ಹೊರಡುವವರನ್ನು ಮಧ್ಯಾಹ್ನದವರೆಗೆ ನೋಡಿ. ಕಟಕಟೆಯಲ್ಲಿ ನಿಂತವರು ಯಾರು, ಅವರ ಜೊತೆ ಯಾರು ಬಂದಿದ್ದಾರೆ, ಯಾರ ಪರವಾಗಿ ವಕೀಲರಿದ್ದಾರೆ, ಯಾರಿಗೆ ಇಲ್ಲ, ಪ್ರತಿ ಪ್ರಕರಣಕ್ಕೆ ಎಷ್ಟು ನಿಮಿಷ ಸಿಕ್ಕಿತು ಎಂದು ಒಂದು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಳ್ಳಿ. ಮನೆಗೆ ಬಂದ ಮೇಲೆ ಆ ಪುಟವನ್ನು ನೋಡಿದಾಗ ನಿಮ್ಮಲ್ಲಿ ಪ್ರಶ್ನೆಗಳು ಏಳುತ್ತಿದ್ದರೆ ಧಾರವಾಡಕ್ಕೆ ಅರ್ಜಿ ಹಾಕಿ, ಆ ನೋಟ್‌ಬುಕ್ಕನ್ನು ಜೊತೆಗೇ ತೆಗೆದುಕೊಂಡು ಹೋಗಿ.